ಬೆರೆಸಿದ್ದಲ್ಲ, ಸುರಿದದ್ದು

ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹಿರಿಯರೊಬ್ಬರು ಬಾಯಿ ತೆರೆಯುವ ಮೊದಲೇ ಮೇಜಿನ ಮೇಲೆ ಒಂದು ಬಾಟಲಿ ಇಟ್ಟರು. ಅದರಲ್ಲಿದ್ದದ್ದು ನೀರು, ಅಥವಾ ಅವರು ಅದನ್ನು ನೀರು ಎಂದರು. ಮುಚ್ಚಳ ಬಿಗಿಯಾಗಿದ್ದರೂ ಕೋಣೆಯ ತುಂಬ ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ ಹರಡಿತು.

ಅವರು ಠಾಣೆಯಿಂದ ನಾಲ್ಕು ಬೀದಿ ಆಚೆಗಿರುವ ವಸತಿ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಸಭ್ಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಆದರೆ ಅಂಗಿಯ ಗುಂಡಿಗಳು ಒಂದು ಕಾಜಾ ತಪ್ಪಿ ಕೂತಿದ್ದವು.

"ನಮ್ಮ ನೀರಿನ ಟ್ಯಾಂಕಿಗೆ ಯಾರೋ ವಿಷ ಹಾಕಿದ್ದಾರೆ. ನನ್ನ ಮೊಮ್ಮಗಳು ಆಸ್ಪತ್ರೇಲಿದ್ದಾಳೆ. ಐದು ವರ್ಷದ ಮಗು."

"ಏನಾಯ್ತು ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಹಲ್ಲುಜ್ಜಿ ನಲ್ಲಿಗೆ ಬಾಯಿ ಕೊಟ್ಟು ಕುಡಿದಳು. ಬೇಡ ಅಂದ್ರೂ ಕೇಳಲ್ಲ. ಕೆಮ್ಮೋಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಉಸಿರು ಸಿಕ್ಕಿಹಾಕಿಕೊಂಡ ಹಾಗಾಯ್ತು. ಅದು ಶ್ವಾಸಕೋಶಕ್ಕೆ ಹೋಗಿದ್ರೆ ಕಷ್ಟ ಅಂತಿದ್ದಾರೆ ಡಾಕ್ಟ್ರು."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು, ಅವನೇ. ನಮ್ಮ ಪಂಪ್ ನೋಡ್ಕೊಳ್ಳೋನು. ನಿನ್ನೆ ಮಧ್ಯಾಹ್ನ ಮೋಟಾರು ಸುಟ್ಟುಹೋಯ್ತು. ಸಂಜೆ 'ನಿನಗೆ ವಯಸ್ಸಾಯ್ತು, ಇನ್ನು ಬಿಟ್ಬಿಡಪ್ಪ' ಅಂದೆ. ಅದಕ್ಕೆ ಎಲ್ಲರ ಎದುರಿಗೂ ಕೂಗಾಡಿದ. 'ನಿಮಗೆಲ್ಲ ನೀರು ಕುಡಿಸ್ತೀನಿ' ಅಂದ. ಇವತ್ತು ಕುಡಿಸಿಯೇ ಬಿಟ್ಟ."

ದಫೇದಾರರು ದೂರು ಬರೆದುಕೊಳ್ಳುತ್ತಿದ್ದರು. ಇಡೀ ಠಾಣೆಯಲ್ಲಿ ತಮ್ಮಷ್ಟು ಚೆಂದದ ಭಾಷೆ ಬರೆಯುವವರಿಲ್ಲ ಎಂಬುದು ಅವರದೇ ಅಭಿಪ್ರಾಯ. ಪ್ರಥಮ ವರ್ತಮಾನ ವರದಿಯಲ್ಲಿ ಅವರು ಹೀಗೆ ಬರೆದರು: "ಆರೋಪಿತನು ಹಳೆಯ ದ್ವೇಷದಿಂದ ಕುಡಿಯುವ ನೀರಿಗೆ ಘಾಟು ವಾಸನೆಯ ವಿಷಪದಾರ್ಥವನ್ನು ಬೆರೆಸಿ, ನಿವಾಸಿಗಳ ಪ್ರಾಣಕ್ಕೆ ಸಂಚಕಾರ ತಂದಿರುತ್ತಾನೆ." ಓದಿ ಹೇಳಿ, ಕಾರ್ಯದರ್ಶಿಯಿಂದ ಸಹಿ ಹಾಕಿಸಿಕೊಂಡರು. ಕೊಲೆ ಯತ್ನದ ಕಲಮನ್ನೂ ಸೇರಿಸಿದರು.

ಆ ಇನ್‌ಸ್ಪೆಕ್ಟರಿಗೆ ಒಂದು ಚಾಳಿ ಇತ್ತು. ಉತ್ತರ ಕೈಗೆ ಸಿಕ್ಕ ಮೇಲೂ "ಅದು ಹೇಗೆ?" ಎಂದು ಕೇಳುವುದು. ಇದರಿಂದ ಮೇಲಧಿಕಾರಿಗಳ ಬಳಿ ಸಾಕಷ್ಟು ಬೈಸಿಕೊಂಡಿದ್ದರು. ಜೀಪು ಹತ್ತುವಾಗ ದಫೇದಾರರು, "ಕೇಸು ಸಲೀಸು ಮೇಡಂ, ಊಟದ ಹೊತ್ತಿಗೆ ಮುಗಿಯುತ್ತೆ," ಎಂದರು.

ಕಟ್ಟಡ ಹಳೆಯದು. ನೆಲಮಟ್ಟದ ಮೇಲೆ ಮೂರು ಮಹಡಿ, ಅದರ ಮೇಲೆ ತಾರಸಿ, ತಾರಸಿಯಲ್ಲಿ ನಾಲ್ಕು ಕಂಬಗಳ ಮೇಲೆ ನಿಂತ ಸಿಮೆಂಟಿನ ಟ್ಯಾಂಕು. ಇಬ್ಬರು ನಿವಾಸಿಗಳನ್ನು ಪಂಚರನ್ನಾಗಿ ಕರೆದುಕೊಂಡು ದಫೇದಾರರು ಪಂಚನಾಮೆ ಶುರು ಮಾಡಿದರು. ನೆಲಮಟ್ಟದ ಮನೆಗಳ ನಲ್ಲಿ ತಿರುಗಿಸಿದರೆ ಎರಡು ಹನಿ ಬಿದ್ದು ನಿಲ್ಲುತ್ತಿತ್ತು. ಆ ಎರಡು ಹನಿಗೇ ಮೂಗು ಮುಚ್ಚಿಕೊಳ್ಳಬೇಕು. ಕೆಲವರು ಬೆಳಿಗ್ಗೆ ಬಕೆಟ್ಟಿಗೆ ಹಿಡಿದಿಟ್ಟದ್ದು ಇತ್ತು. ಅದರಿಂದ ಬಾಟಲಿಗಳಿಗೆ ತುಂಬಿಸಿ ಮೊಹರು ಹಾಕಿದರು.

ಪಂಪಿನ ಕೋಣೆಯಲ್ಲಿ, ಸುಟ್ಟ ಮೋಟಾರಿನ ಪಕ್ಕದಲ್ಲಿ, ಆ ಮುದುಕ ಕೂತಿದ್ದ. ಕಟ್ಟಡದ ಮಕ್ಕಳೆಲ್ಲ ಅವನನ್ನು ಟ್ಯಾಂಕ್ ತಾತ ಎನ್ನುತ್ತಿದ್ದರು. ಬಲಗೈ ಮೊಣಕೈಯ ಹತ್ತಿರ ಸ್ವಲ್ಪ ಸೊಟ್ಟಗಿತ್ತು. ಮೂಳೆ ಮುರಿದು ಕೂಡಿಕೊಂಡ ಗುರುತು.

"ತಾರಸಿ ಕೀ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಇನ್ಯಾರ ಹತ್ರ?"

"ಇನ್ಯಾರಿಗೂ ಯಾಕೆ? ಟ್ಯಾಂಕು ನೋಡ್ಕೊಳ್ಳೋನು ನಾನು."

"ಇವತ್ತು ಬೆಳಗಿನ ಜಾವ ಮೇಲೆ ಹತ್ತಿದ್ರಾ?"

"ಹತ್ತಿದೆ. ಮೋಟಾರು ಸುಟ್ಟಿದೆಯಲ್ಲ, ಎಷ್ಟು ನೀರು ಉಳಿದಿದೆ ನೋಡೋಕೆ. ಮುಚ್ಚಳ ಎತ್ತಲಿಲ್ಲ. ಕೋಲು ತಟ್ಟಿದ್ರೆ ಸದ್ದಿಗೇ ಗೊತ್ತಾಗುತ್ತೆ ನನಗೆ. ತಳ ಮುಟ್ಟಿತ್ತು."

"ಟ್ಯಾಂಕಿಗೆ ಏನಾದ್ರೂ ಹಾಕಿದ್ರಾ?"

"ಇಲ್ಲ."

"ನೀರು ಕುಡಿಸ್ತೀನಿ ಅಂದ್ರಂತೆ?"

"ಅಂದೆ. 'ನಿಮಗೆಲ್ಲ ನೀರು ಕುಡಿಸ್ತಿರೋನು ನಾನು' ಅಂದೆ. ಇಷ್ಟು ವರ್ಷ ಅದೇ ತಾನೇ ಮಾಡಿರೋದು? ಅದನ್ನ ಹೇಳಿದ್ರೆ ಬೆದರಿಕೆ ಆಗುತ್ತಾ?"

ದಫೇದಾರರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ಆದರೆ ಕೀಲಿ ಅವನೊಬ್ಬನ ಬಳಿ, ಜಗಳ ಹಿಂದಿನ ಸಂಜೆ, ಮೇಲೆ ಹತ್ತಿದ್ದನ್ನು ಕಂಡವರು ಇಬ್ಬರು. ಮುದುಕನನ್ನು ಜೀಪಿಗೆ ಹತ್ತಿಸಿದರು. ಮಾರನೆಯ ದಿನ ಮಧ್ಯಾಹ್ನದೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಆ ವಯಸ್ಸಿನಲ್ಲಿ ಕೊಲೆ ಯತ್ನದ ಆರೋಪ ಹೊತ್ತು ಒಳಗೆ ಹೋದರೆ ಹೊರಗೆ ಬರುವುದು ಯಾವಾಗ ಎಂಬುದು ಜೀಪಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹನ್ನೆರಡೂವರೆಗೆ ಅವನ ಮಗಳು ಠಾಣೆಗೆ ಓಡಿಬಂದಳು. ಮೂವತ್ತರ ಹೆಂಗಸು, ಮರದ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅಪ್ಪ ಮಗಳು ಇಬ್ಬರೇ, ಅದೇ ಕಟ್ಟಡದ ಹಿಂಬದಿಯ ಒಂದು ಕೋಣೆಯಲ್ಲಿ ವಾಸ. ರಕ್ತದೊತ್ತಡದ ಮಾತ್ರೆ, ಒಂದು ಶಾಲು ತಂದಿದ್ದಳು.

"ಮೇಡಂ, ನಮ್ಮಪ್ಪ ಆ ಟ್ಯಾಂಕನ್ನ ದೇವರಮನೆ ಥರ ನೋಡ್ಕೊಳ್ತಾನೆ. ಅವನು ಅದಕ್ಕೆ ಏನೂ ಹಾಕಲ್ಲ. ಬೇರೆ ಯಾರನ್ನಾದ್ರೂ ನೋಡಿ."

"ಯಾರನ್ನ ನೋಡ್ಲಿ ಹೇಳಿ."

ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಮಗು ಹೇಗಿದೆ ಎಂದು ಕೇಳಿದಳು. ಇನ್ನೂ ಹೇಳೋಕಾಗಲ್ಲ ಅಂತೆ ಎಂದಾಗ ಅವಳ ಮುಖ ಬಿಳಿಚಿಕೊಂಡಿತು. ಆ ಮಗುವನ್ನು ಎತ್ತಿ ಆಡಿಸಿದವಳಿರಬೇಕು ಎಂದುಕೊಂಡರು ಇನ್‌ಸ್ಪೆಕ್ಟರ್.

ಪ್ರಯೋಗಾಲಯದ ರಸಾಯನ ತಜ್ಞರು ಕಡ್ಡಿಯಂಥ ಮನುಷ್ಯ. ಮೇಷ್ಟ್ರಾಗಬೇಕಿದ್ದವರು ತಪ್ಪಿ ಸರ್ಕಾರದ ಕೈಗೆ ಸಿಕ್ಕಿದ್ದರು. ಯಾರಾದರೂ ಪ್ರಶ್ನೆ ಕೇಳಿದರೆ ಅವರ ಕಣ್ಣು ಅರಳುತ್ತಿತ್ತು. ಸಾಮಾನ್ಯವಾಗಿ ಪೊಲೀಸರು ಏನೂ ಕೇಳದೆ ವರದಿ ತೆಗೆದುಕೊಂಡು ಹೋಗಿಬಿಡುತ್ತಿದ್ದರು.

ದಫೇದಾರರು ಬಾಟಲಿಯನ್ನು ಮೇಜಿನ ಮೇಲಿಟ್ಟು, "ದಾರಿಯುದ್ದಕ್ಕೂ ಚೆನ್ನಾಗಿ ಅಲ್ಲಾಡಿಸಿಕೊಂಡು ಬಂದಿದ್ದೀನಿ ಸರ್, ಎಲ್ಲ ಸಮನಾಗಿ ಬೆರೆತಿರಲಿ ಅಂತ," ಎಂದರು.

"ಒಳ್ಳೇದು ಮಾಡಿದ್ರಿ. ಈಗ ಕೂತ್ಕೊಳ್ಳಿ. ಟೀ ಬರಲಿ. ಬಾಟಲಿ ಮುಟ್ಟಬೇಡಿ."

ಟೀ ಬಂತು. ಲೋಟ ಖಾಲಿಯಾಗುವ ಹೊತ್ತಿಗೆ ಬಾಟಲಿಯೊಳಗಿನ ಮಬ್ಬು ಇಳಿದು, ಕೆಳಗೆ ತಿಳಿನೀರು, ಮೇಲೆ ಬೆರಳಿನಗಲದ ಕಂದು ಪದರ ನಿಂತಿತ್ತು. ನಡುವಿನ ಗೆರೆ ಚಾಕುವಿನಿಂದ ಕತ್ತರಿಸಿದಷ್ಟು ನೇರ. ದಫೇದಾರರು ತಮಗೆ ಯಾರೋ ಮೋಸ ಮಾಡಿದಂತೆ ಅದನ್ನು ನೋಡಿದರು.

"ಟರ್ಪೆಂಟೈನು," ಎಂದರು ತಜ್ಞರು. "ಅದರಲ್ಲಿ ಸ್ವಲ್ಪ ವಾರ್ನಿಶ್ ಕರಗಿದೆ, ಅದಕ್ಕೇ ಈ ಬಣ್ಣ. ನೀವು ಈ ಊರಿಂದ ಆ ಊರಿಗೆ ಅಲ್ಲಾಡಿಸಿಕೊಂಡು ಹೋದ್ರೂ ಇದು ನೀರಲ್ಲಿ ಕರಗಲ್ಲ."

"ಯಾಕೆ?" ಎಂದರು ಇನ್‌ಸ್ಪೆಕ್ಟರ್.

ಆ ಒಂದು ಪದಕ್ಕೆ ತಜ್ಞರು ಕುರ್ಚಿ ಎಳೆದುಕೊಂಡು ಕೂತರು. ಮೂರು ಗಾಜಿನ ನಳಿಕೆಗಳಿಗೆ ನೀರು ತುಂಬಿಸಿದರು.

"ನೀರಿನ ಅಣುಗಳು ಒಂದರ ಕೈ ಒಂದು ಹಿಡ್ಕೊಂಡಿರ್ತವೆ ಅಂತ ಇಟ್ಕೊಳ್ಳಿ. ಒಂದು ಅಣುವಿನ ಜಲಜನಕ, ಪಕ್ಕದ ಅಣುವಿನ ಆಮ್ಲಜನಕ. ಇವೆರಡರ ನಡುವೆ ಬಲವಾದ ಸೆಳೆತ. ಹೊಸಬ ಯಾರಾದ್ರೂ ಒಳಗೆ ಬರ್ಬೇಕು ಅಂದ್ರೆ ಈ ಹಿಡಿದ ಕೈಗಳು ಬಿಡ್ಬೇಕು. ಸುಮ್ನೆ ಯಾಕೆ ಬಿಡ್ತವೆ? ಹೊಸಬನೂ ಕೈ ಕೊಟ್ರೆ ಬಿಡ್ತವೆ." ಮೊದಲ ನಳಿಕೆಗೆ ಸ್ಪಿರಿಟ್ ಸುರಿದರು. ಅದು ಗುರುತೂ ಇಲ್ಲದಂತೆ ಮಾಯವಾಯಿತು. "ಇದಕ್ಕೆ ಒಂದು ತುದೀಲಿ ಆಮ್ಲಜನಕಕ್ಕೆ ಅಂಟಿದ ಜಲಜನಕ ಇದೆ. ಅದೇ ಕೈ. ನೀರು ಹಿಡ್ಕೊಳ್ತು, ಒಳಗೆ ಸೇರಿಸ್ಕೊಳ್ತು."

"ಅಂದ್ರೆ ಕೈ ಇದ್ದೋರೆಲ್ಲ ಕರಗ್ತಾರೆ."

"ಅಲ್ಲೇ ಇರೋದು ತಮಾಷೆ." ಎರಡನೆಯ ನಳಿಕೆಗೆ ಇನ್ನೊಂದು ಸೀಸೆಯಿಂದ ಸುರಿದರು. ಅದು ಮೇಲೆ ತೇಲಿತು. "ಇದೂ ಸ್ಪಿರಿಟಿನ ದಾಯಾದಿನೇ. ಅದೇ ಕೈ ಇದೆ. ಆದ್ರೆ ಹಿಂದೆ ಇಂಗಾಲದ ಬಾಲ ಉದ್ದ, ಎಂಟು ಗಂಟು. ಒಂದು ಕೈ ಕೊಟ್ಟು ಅಷ್ಟುದ್ದ ಬಾಲ ಒಳಗೆ ಎಳ್ಕೊಳ್ಳೋದು ಅಂದ್ರೆ ನೀರಿಗೆ ನಷ್ಟದ ವ್ಯವಹಾರ. ಬಾಲ ಗಿಡ್ಡ ಇದ್ರೆ ಸೇರಿಸ್ಕೊಳ್ಳುತ್ತೆ. ಉದ್ದ ಆದಷ್ಟೂ ಹೊರಗೆ ಹಾಕುತ್ತೆ. ಸಕ್ಕರೆ ನೋಡಿ, ದೊಡ್ಡ ಮೈ, ಆದ್ರೆ ಮೈ ತುಂಬ ಕೈಗಳು. ಅದಕ್ಕೇ ಟೀಯಲ್ಲಿ ಸಲೀಸಾಗಿ ಕರಗುತ್ತೆ."

"ಟರ್ಪೆಂಟೈನಿಗೆ?"

"ಕೈಯೇ ಇಲ್ಲ. ಬರೀ ಇಂಗಾಲ, ಜಲಜನಕ. ಅದರ ಅಣುಗಳ ನಡುವೆಯೂ ಸೆಳೆತ ಇದೆ, ಆದ್ರೆ ಹಗುರವಾದದ್ದು. ಬಸ್ಸಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ತೀವಲ್ಲ, ಅಷ್ಟೇ." ಮೂರನೆಯ ನಳಿಕೆಯಲ್ಲಿ ಟರ್ಪೆಂಟೈನು ಮೇಲೆ ನಿಂತಿತ್ತು. "ನೀರಿಗೆ ಇದರ ಮೇಲೆ ದ್ವೇಷ ಅಂತ ಜನ ತಿಳ್ಕೊಳ್ತಾರೆ. ದ್ವೇಷ ಏನಿಲ್ಲ. ತನ್ನವರ ಕೈ ಬಿಡೋಕೆ ಮನಸ್ಸಿಲ್ಲ, ಅಷ್ಟೇ."

"ಒಂದು ಚೂರೂ ಕರಗಲ್ವಾ?"

"ಚೂರೇ ಚೂರು ಕರಗುತ್ತೆ. ನಾಲಿಗೆಗೆ ಗೊತ್ತಾಗಲ್ಲ. ಮೂಗು ತುಂಬ ಚುರುಕಿರೋರಿಗೆ ಗೊತ್ತಾಗಬಹುದು."

ಇನ್‌ಸ್ಪೆಕ್ಟರ್ ಬಾಟಲಿಯ ಕಂದು ಪದರವನ್ನೇ ನೋಡುತ್ತಿದ್ದರು. ಟ್ಯಾಂಕಿಗೆ ಸುರಿದರೆ ಇದು ಮೇಲೆ ತೇಲುತ್ತದೆ. ನಲ್ಲಿಗೆ ನೀರು ಹೋಗುವುದು ತಳದಿಂದ. ಮೇಲಿರುವುದು ತಳದ ಪೈಪಿಗೆ ಬರಬೇಕಾದರೆ ನಡುವಿನ ನೀರೆಲ್ಲ ಖಾಲಿಯಾಗಬೇಕು.

"ದಫೇದಾರ್ರೇ, ವರದೀಲಿ ಏನು ಬರೆದಿದ್ದೀರಿ? ನೀರಿಗೆ ವಿಷ ಬೆರೆಸಿ ಅಂತ ಅಲ್ವಾ?"

"ಹೌದು ಮೇಡಂ."

"ಯಾರೂ ಏನೂ ಬೆರೆಸಿಲ್ಲ. ಸುರಿದಿದ್ದಾರೆ. ಬೆರೆಸಿದ್ರೆ ಹಾಕಿದ ದಿನವೇ ನಲ್ಲೀಲಿ ಬರ್ಬೇಕಿತ್ತು. ಸುರಿದದ್ದು ಯಾವತ್ತು ಬೇಕಾದ್ರೂ ಆಗಿರಬಹುದು."

ದಫೇದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಊಟದ ಹೊತ್ತು ಆಗಲೇ ಮೀರಿತ್ತು.

ಸಂಜೆ ನಾಲ್ಕಕ್ಕೆ, ಮುದುಕನಿಂದ ತೆಗೆದುಕೊಂಡಿದ್ದ ಕೀಲಿಯಲ್ಲಿ ಬಾಗಿಲು ತೆರೆಸಿ, ಇನ್‌ಸ್ಪೆಕ್ಟರ್ ತಾರಸಿಯಲ್ಲಿದ್ದರು. ಟ್ಯಾಂಕಿಗೆ ಹತ್ತಲು ಒಂದು ಕಂಬಕ್ಕೆ ಹೊಡೆದ ಕಬ್ಬಿಣದ ಏಣಿ. ಎರಡು ಮೆಟ್ಟಿಲು ತುಕ್ಕು ಹಿಡಿದು ತೆಳ್ಳಗಾಗಿದ್ದವು, ಒಂದು ಇರಲೇ ಇಲ್ಲ. ಇಲ್ಲದ ಮೆಟ್ಟಿಲಿನ ಜಾಗದಲ್ಲಿ ಕಾಲು ಗಾಳಿಯಲ್ಲಿ ತಡಕಾಡಿದಾಗ ಅವರು ಮೇಲಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದರು. ತಾರಸಿಯ ಅಂಚು ಅಲ್ಲಿಂದ ಎರಡೇ ಮಾರು. ಕೆಳಗೆ ದಫೇದಾರರು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಧಾನ ಮೇಡಂ, ನಿಧಾನ," ಎನ್ನುತ್ತಲೇ ಇದ್ದರು. ದಿನಕ್ಕೆ ಎರಡು ಸಲ ಆ ಮುದುಕ ಸೊಟ್ಟ ಕೈಯಲ್ಲಿ ಇದನ್ನು ಹತ್ತುತ್ತಿದ್ದ.

ಮುಚ್ಚಳ ಸರಿಸಿ ಟಾರ್ಚು ಬಿಟ್ಟರು. ಟ್ಯಾಂಕಿನ ತಳದಲ್ಲಿ, ಹೊರಹೋಗುವ ಪೈಪಿನ ಬಾಯಿಗಿಂತ ಕೆಳಗೆ, ಅಂಗೈ ಆಳದ ನೀರು. ಅದರ ಮೇಲೆ ಬಣ್ಣಬಣ್ಣದ ತೆಳುಪೊರೆ. ಅವರು ನೋಡಲು ಬಂದದ್ದು ಅದನ್ನಲ್ಲ, ಗೋಡೆಯನ್ನು. ಒಳಗಿನ ಗೋಡೆಯ ಮೇಲೆ ಸುತ್ತಲೂ ಕಂದು ಗೆರೆಗಳು, ಒಂದರ ಕೆಳಗೊಂದು. ಬೆರಳಿಟ್ಟರೆ ಅಂಟುತ್ತಿತ್ತು. ಎಲ್ಲಕ್ಕಿಂತ ದಪ್ಪ ಗೆರೆ ಎಲ್ಲಕ್ಕಿಂತ ಮೇಲೆ, ಹೆಚ್ಚಾದ ನೀರು ಹೊರಗೆ ಚೆಲ್ಲುವ ತೂಬಿಗಿಂತ ನಾಲ್ಕು ಬೆರಳು ಕೆಳಗೆ ಇತ್ತು.

ಕೆಳಗಿಳಿದ ಮೇಲೆ ಕಾರ್ಯದರ್ಶಿಯನ್ನು ಕೇಳಿದರು. "ಟ್ಯಾಂಕ್ ಎಲ್ಲಿವರೆಗೂ ತುಂಬಿಸ್ತಿದ್ರು?"

"ತೂಬಿಗೆ ನಾಲ್ಕು ಬೆರಳು ಬಿಟ್ಟು. ಅದರಲ್ಲಿ ಮಾತ್ರ ಅವನಿಗೆ ಹೆಸರಿಡೋ ಹಾಗಿಲ್ಲ. ಒಂದು ದಿನ ಹೊರಗೆ ಚೆಲ್ಲಿಸಿದ್ದಿಲ್ಲ. ಚೆಲ್ಲಿದ್ರೆ ಮೂರನೇ ಮಹಡಿ ಅಮ್ಮನ ಬಟ್ಟೆ ಮೇಲೆ ಬೀಳುತ್ತೆ. ಆಮೇಲೆ ಆಕೆ ಬಾಯಿಗೆ ಬೀಳೋದು ಯಾರು?"

"ಕೊನೇ ಸಲ ಪೂರ್ತಿ ತುಂಬಿದ್ದು ಯಾವಾಗ?"

"ಭಾನುವಾರ ಬೆಳಿಗ್ಗೆ. ಮಧ್ಯಾಹ್ನಕ್ಕೆ ಮೋಟಾರು ಹೋಯ್ತು. ಆಮೇಲೆ ಒಂದು ಹನಿ ಹತ್ತಿಲ್ಲ."

ಇನ್‌ಸ್ಪೆಕ್ಟರ್ ದಫೇದಾರರ ಕಡೆ ತಿರುಗಿದರು. ಟರ್ಪೆಂಟೈನು ತೇಲಿದ ಮಟ್ಟದಲ್ಲೆಲ್ಲ ಗೋಡೆಗೆ ವಾರ್ನಿಶ್ ಅಂಟಿದೆ. ಟ್ಯಾಂಕು ತುಂಬಿದಾಗಲೂ ಅದು ಅಲ್ಲಿತ್ತು. ಹಾಗಾದರೆ ಸುರಿದದ್ದು ಭಾನುವಾರ ಬೆಳಿಗ್ಗೆಗಿಂತ ಮೊದಲು. ಸಂಜೆಯ ಜಗಳ ಆಮೇಲಿನದು, ಸೋಮವಾರ ಮುದುಕ ಹತ್ತಿದ್ದು ಇನ್ನೂ ಆಮೇಲಿನದು.

ದಫೇದಾರರಿಗೆ ಇನ್ನೊಂದು ಸಂಗತಿ ಹೊಳೆಯಿತು. "ಒಂದೇ ಒಂದು ದಿನ ನೀರು ಚೆಲ್ಲಿದ್ದಿದ್ರೆ ಮೇಲಿನ ಪದರ ತೂಬಿನಿಂದ ಹೊರಗೆ ಹೋಗ್ಬಿಡ್ತಿತ್ತು, ಅಲ್ವಾ ಮೇಡಂ? ಆ ಯಜಮಾನ್ರು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಕ್ಕೇ ಅದು ಒಳಗೆ ಉಳೀತು." ಹೇಳಿ ಮುಗಿಸಿದ ಮೇಲೆ ಅವರಿಗೇ ಬೇಜಾರಾಯಿತು.

ಮೂರನೇ ಮಹಡಿಯ ಅಮ್ಮ ಪೊಲೀಸರಿಗಾಗಿಯೇ ಕಾದಿದ್ದವರಂತೆ ಬಾಗಿಲಲ್ಲೇ ನಿಂತಿದ್ದರು.

"ಸದ್ಯ, ನನ್ನನ್ನ ಕೇಳೋರು ಒಬ್ಬರಾದ್ರೂ ಬಂದ್ರಲ್ಲ. ಶುಕ್ರವಾರ ಬೆಳಿಗ್ಗೆಯಿಂದ ಬಡ್ಕೊಳ್ತಿದ್ದೀನಿ, ಟೀಗೆ ಬಡಗಿ ಅಂಗಡಿ ವಾಸನೆ ಬರ್ತಿದೆ ಅಂತ. ನಮ್ಮ ಯಜಮಾನ್ರು ನಿನ್ನ ಮೂಗು ರಿಪೇರಿಗೆ ಕೊಡು ಅಂದ್ರು. ಈಗ ಯಾರ ಮೂಗು ರಿಪೇರಿಗೆ ಹೋಗ್ಬೇಕು ಕೇಳಿ."

"ಗುರುವಾರ ಸಂಜೆ ಟೀ ಹೇಗಿತ್ತು?"

"ಚೆನ್ನಾಗಿತ್ತು. ಎರಡು ಲೋಟ ಕುಡಿದೆ."

"ಶುಕ್ರವಾರ ಕಟ್ಟಡದಲ್ಲಿ ಏನಾದ್ರೂ ವಿಶೇಷ ಇತ್ತಾ?"

"ಸಂಘದ ಸಭೆ ಇತ್ತಲ್ಲ. ಈ ಟ್ಯಾಂಕು ಒಡೆದು, ಕೆಳಗೇ ತಾನಾಗಿ ನಡೆಯೋ ಪಂಪು ಹಾಕೋಣ ಅಂತ ಕೆಲವರು. ನೀರು ಚೆನ್ನಾಗೇ ಬರ್ತಿದೆಯಲ್ಲ, ಸುಮ್ನೆ ಯಾಕೆ ಅಂತ ಉಳಿದವರು. ಆ ತಾತನೇ ಎದ್ದು ನಿಂತು, 'ನಾನಿರೋವರೆಗೂ ಈ ಟ್ಯಾಂಕಿಗೆ ಏನೂ ಆಗಲ್ಲ' ಅಂದ. ಎಲ್ಲರೂ ಚಪ್ಪಾಳೆ ಹೊಡೆದ್ರು. ಅಲ್ಲಿಗೆ ಮುಗೀತು."

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಇನ್‌ಸ್ಪೆಕ್ಟರ್ ಮುದುಕನ ಎದುರು ಕೂತರು. ಹಿಂದಿನ ದಿನವೆಲ್ಲ ದಫೇದಾರರು ದನಿಯೇರಿಸಿಯೂ ಇಳಿಸಿಯೂ ಕೇಳಿದ್ದರು. ಅವನದು ಒಂದೇ ಉತ್ತರ, ಮಾಡಿಲ್ಲ.

"ನೀವು ಮಾಡಿಲ್ಲ ಅಂತ ನನಗೂ ಈಗ ಅನ್ಸುತ್ತೆ," ಎಂದರು ಇನ್‌ಸ್ಪೆಕ್ಟರ್. "ಸೋಮವಾರ ಹಾಕಿದ್ದಲ್ಲ ಅದು. ಭಾನುವಾರನೂ ಅಲ್ಲ."

"ಮತ್ತೆ?" ಮುದುಕನ ಮುಖದಲ್ಲಿ ಮೊದಲ ಸಲ ಕುತೂಹಲ ಕಂಡಿತು.

"ಗುರುವಾರ ಸಂಜೆ. ಬಣ್ಣ, ವಾರ್ನಿಶ್ ತೊಳೆಯೋ ಟರ್ಪೆಂಟೈನು. ನಾಲ್ಕು ದಿನ ಮೇಲೆ ತೇಲ್ತಿತ್ತು, ನೀರು ತಳ ಮುಟ್ಟಿದಾಗ ಕೆಳಗೆ ಬಂತು. ಗುರುವಾರ ಸಂಜೆ ಮೇಲೆ ಹತ್ತಿದ್ದು ಯಾರು ತಾತ?"

ಮುದುಕ ಕೈಯಲ್ಲಿದ್ದ ಶಾಲನ್ನು ಮಡಿಸಿದ, ಮತ್ತೆ ಬಿಡಿಸಿದ.

"ನಾನೇ," ಎಂದ.

"ಏನು?"

"ನಾನೇ ಹತ್ತಿದ್ದು. ನಾನೇ ಸುರಿದದ್ದು. ಬರ್ಕೊಳ್ಳಿ."

"ನಿನ್ನೆಯಿಂದ ಇಲ್ಲ ಅಂತಿದ್ರಲ್ಲ?"

"ಸುಳ್ಳು ಹೇಳಿದೆ."

"ಎಲ್ಲಿಂದ ತಂದ್ರಿ?"

"ಅಂಗಡಿಯಿಂದ."

"ಯಾವ ಬಣ್ಣ ಇತ್ತು?"

"ಬಣ್ಣ ಎಲ್ಲಿಂದ ಬರುತ್ತೆ? ನೀರಿನ ಹಾಗೆ ತಿಳಿ."

ದಫೇದಾರರು ಪೆನ್ನು ಎತ್ತಲೇ ಇಲ್ಲ. ಒಂದು ಹಗಲು ಒಂದು ರಾತ್ರಿ ಒಪ್ಪದಿದ್ದ ಮನುಷ್ಯ, ನೀನು ತಪ್ಪಿತಸ್ಥನಲ್ಲ ಎಂದು ಹೇಳಿದ ಮರುಗಳಿಗೆಯಲ್ಲೇ ತಪ್ಪೊಪ್ಪಿಕೊಂಡಿದ್ದ. ಅವರ ಇಷ್ಟು ವರ್ಷದ ನೌಕರಿಯಲ್ಲಿ ಇಂಥದ್ದು ನೋಡಿರಲಿಲ್ಲ. ಹೊರಗೆ ಹೋಗಿ ಕಾರ್ಯದರ್ಶಿಗೆ ಫೋನ್ ಮಾಡಿದರು.

"ಗುರುವಾರನಾ?" ಎಂದರು ಕಾರ್ಯದರ್ಶಿ. "ಗುರುವಾರ ಅವನಿಗೆ ಜ್ವರ ಅಲ್ವಾ? ಮಲಗಿದ್ದ. ಅವನ ಮಗಳು ಕೀ ತಗೊಂಡು ಹೋಗಿ ನೋಡ್ಕೊಂಡು ಬಂದಳು. ಪಾಪ, ಒಳ್ಳೇ ಹುಡುಗಿ."

ಕಾರ್ಖಾನೆ ಎಂದರೆ ತಗಡಿನ ಸೂರಿನ ಉದ್ದನೆಯ ಕೊಟ್ಟಿಗೆ. ಒಂದು ತುದಿಯಲ್ಲಿ ಗರಗಸದ ಸದ್ದು, ಇನ್ನೊಂದು ತುದಿಯಲ್ಲಿ ಪಾಲಿಶಿನವರು. ಅವಳು ಒಂದು ಬೀರುವಿನ ಬಾಗಿಲಿಗೆ ವಾರ್ನಿಶ್ ಬಳಿಯುತ್ತಿದ್ದಳು. ಪಕ್ಕದ ಡಬ್ಬಿಯಲ್ಲಿ ಕುಂಚಗಳು ಕಂದು ದ್ರವದಲ್ಲಿ ನೆನೆಯುತ್ತಿದ್ದವು. ಪೊಲೀಸರನ್ನು ಕಂಡು ಓಡೋಡಿ ಬಂದಳು.

"ಅಪ್ಪನನ್ನ ಬಿಟ್ರಾ ಮೇಡಂ?"

"ನಿಮ್ಮಪ್ಪ ತಪ್ಪು ಒಪ್ಕೊಂಡಿದ್ದಾರೆ."

"ಸಾಧ್ಯವೇ ಇಲ್ಲ."

"ಗುರುವಾರ ಸಂಜೆ ಟ್ಯಾಂಕಿಗೆ ಟರ್ಪೆಂಟೈನು ಸುರಿದೆ ಅಂತ."

ಅವಳ ಕೈಯಲ್ಲಿದ್ದ ಕುಂಚ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಗುರುವಾರದ್ದು ಸೋಮವಾರ ಹೇಗೆ ಬರುತ್ತೆ?" ಎಂದಳು. ಅದು ವಾದವಲ್ಲ, ನಿಜವಾಗಿಯೂ ಗೊತ್ತಿಲ್ಲದವಳ ಪ್ರಶ್ನೆ. "ಅದು ಕರಗಿ ಹೋಯ್ತು ಮೇಡಂ. ಅವತ್ತು ರಾತ್ರಿನೇ ನಲ್ಲಿ ಬಿಟ್ಟು ಮೂಸಿ ನೋಡಿದೆ, ಏನೂ ಇಲ್ಲ. ಶುಕ್ರವಾರವೂ ಇಲ್ಲ. ಅಷ್ಟೊಂದು ನೀರಲ್ಲಿ ಕರಗಿ ಹೋಗಿರುತ್ತೆ ಅಂದ್ಕೊಂಡೆ. ಸೋಮವಾರದ್ದು ಬೇರೆ ಯಾರೋ ಮಾಡಿದ್ದು."

"ಒಂದು ಗಾಜಿನ ಲೋಟ ಇದೆಯಾ?"

ಲೋಟ ತಂದಳು. ಇನ್‌ಸ್ಪೆಕ್ಟರ್ ಅದಕ್ಕೆ ಅರ್ಧ ನೀರು ಹಿಡಿದು, ಕುಂಚದ ಡಬ್ಬಿಯಿಂದ ಸ್ವಲ್ಪ ಸುರಿಯಲು ಹೇಳಿದರು. ಸುರಿದಳು. ಕಡ್ಡಿಯಲ್ಲಿ ಕಲಕಿದಳು. ಕಾದರು. ಕಂದು ಪದರ ಮೇಲೆ ಬಂದು ನಿಂತಿತು.

ಅವಳು ಬಗ್ಗಿ ಲೋಟವನ್ನು ಪಕ್ಕದಿಂದ ನೋಡಿದಳು.

"ದಿನಾ ಕೈಯಲ್ಲಿ ಹಿಡಿಯೋದು ಇದನ್ನ. ನೀರಿಗೆ ಹಾಕಿ ಒಂದು ದಿನ ನೋಡಿಲ್ಲ," ಎಂದಳು. "ನಮಗೆ ಗೊತ್ತಿರೋದು ಸ್ಪಿರಿಟು. ಅದಕ್ಕೆ ನೀರು ತಾಗಿದ್ರೆ ಸಾಕು, ಹೀರ್ಕೊಳ್ಳುತ್ತೆ, ಪಾಲಿಶ್ ಬೆಳ್ಳಗಾಗುತ್ತೆ. ಅದಕ್ಕೇ ನೀರು ಹತ್ರ ಇಡಬೇಡಿ ಅಂತ ಮೇಸ್ತ್ರಿ ಬೈತಿರ್ತಾರೆ. ಇದೂ ಹಾಗೇ ಅಂದ್ಕೊಂಡೆ. ಸ್ಪಿರಿಟ್ ಹಾಕಿದ್ರೆ ಕುಡಿದೋರ ಕಣ್ಣು ಹೋಗುತ್ತೆ. ಅದಕ್ಕೇ ಇದನ್ನ ತಗೊಂಡೆ. ಬರೀ ವಾಸನೆ ಬರಲಿ ಅಂತ. ವಾಸನೆ ಬಂದ್ರೆ ಯಾರೂ ಕುಡಿಯಲ್ಲ, ಶುಕ್ರವಾರದ ಸಭೇಲಿ ಟ್ಯಾಂಕು ಒಡೆಯೋಣ ಅಂತಾರೆ. ಅಷ್ಟೇ."

"ಟ್ಯಾಂಕು ಒಡೆದ್ರೆ ನಿಮಗೇನು?"

"ಆ ಏಣಿ ನೋಡಿದ್ರಾ ಮೇಡಂ?"

"ಹತ್ತಿದೀನಿ."

"ಹೋದ ವರ್ಷ ಅಲ್ಲಿಂದ ಬಿದ್ದ. ತಾರಸಿ ಮೇಲೇ ಬಿದ್ದದ್ದಕ್ಕೆ ಕೈ ಮುರೀತು. ಇನ್ನೊಂದು ಸ್ವಲ್ಪ ಆಚೆ ಆಗಿದ್ರೆ ಬೀದೀಲಿ ಎತ್ಕೊಳ್ಬೇಕಿತ್ತು. ಪಟ್ಟಿ ಬಿಚ್ಚಿದ ಮಾರನೇ ದಿನವೇ ಮತ್ತೆ ಹತ್ತಿದ. ಸಂಘದವರನ್ನ ಕೇಳಿದೆ, ಏಣಿಯಾದ್ರೂ ಸರಿ ಮಾಡ್ಸಿ ಅಂದೆ. ನೋಡೋಣ ಅಂತಾರೆ. ನಾನು ಇಲ್ಲಿ ಕೆಲಸದಲ್ಲಿದ್ದಾಗ ಫೋನ್ ಬಂದ್ರೆ ಸಾಕು, ಅಪ್ಪ ಬಿದ್ದನಾ ಅಂತಲೇ ಎತ್ತೋದು." ಲೋಟವನ್ನು ಆಚೆ ಸರಿಸಿದಳು. "ಸೋಮವಾರ ಮಗುಗೆ ಹಾಗಾಯ್ತು ಅಂದಾಗ ಮನಸ್ಸಲ್ಲಿ ಒಂದು ಸಲ ಬಂತು. ನಂದಲ್ಲ, ನಂದಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಅಪ್ಪ ಒಳಗಿದ್ದಾಗಲೂ ಹಾಗೇ ಹೇಳ್ಕೊಂಡೆ."

ಡಬ್ಬಿಯನ್ನೂ ಅವಳು ಟರ್ಪೆಂಟೈನು ಒಯ್ದಿದ್ದ ಖಾಲಿ ಬಾಟಲಿಯನ್ನೂ ವಶಪಡಿಸಿಕೊಂಡು, ಮೇಸ್ತ್ರಿ ಮತ್ತು ಒಬ್ಬ ಬಡಗಿಯ ಎದುರು ಪಂಚನಾಮೆ ಮಾಡಿದರು. ಹತ್ತೂ ಇಪ್ಪತ್ತಕ್ಕೆ ಅವಳನ್ನು ಬಂಧಿಸಲಾಯಿತು. ಅವಳು ಕೈ ತೊಳೆದುಕೊಳ್ಳಲು ಅನುಮತಿ ಕೇಳಿದಳು. ಮೊದಲು ಬರೀ ನೀರಿನಲ್ಲಿ ಉಜ್ಜಿದಳು, ಆಮೇಲೆ ಸೋಪು ಹಾಕಿದಳು. ಜೀಪಿನಲ್ಲಿ ದಫೇದಾರರು ಆಸ್ಪತ್ರೆಗೆ ಫೋನ್ ಮಾಡಿ, ಮಗು ಅಪಾಯದಿಂದ ಪಾರಾಗಿದೆ, ನಾಳೆ ಮನೆಗೆ ಕಳಿಸುತ್ತಾರಂತೆ ಎಂದು ಹೇಳಿದರು. ತಮಗೆ ಸಂಬಂಧವೇ ಇಲ್ಲದವರಂತೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು. ಅವಳು ಮುಖ ಮುಚ್ಚಿಕೊಂಡಳು.

ಠಾಣೆಯಲ್ಲಿ ಮುದುಕನ ಬಿಡುಗಡೆಯ ಕಾಗದ ಸಿದ್ಧವಾಗಿತ್ತು. ಅವನು ಸಹಿ ಹಾಕಲು ಒಪ್ಪಿರಲಿಲ್ಲ. ಒಪ್ಪಿಕೊಂಡವನು ನಾನು, ನನ್ನನ್ನೇ ಒಳಗೆ ಹಾಕಿ ಎಂದು ಹಟ ಹಿಡಿದು ಬೆಂಚಿನ ಮೇಲೆ ಕೂತಿದ್ದ. ಮಗಳು ಪೊಲೀಸರ ಜೊತೆ ಒಳಗೆ ಬಂದದ್ದನ್ನು ನೋಡಿ ಎದ್ದು ನಿಂತ.

"ನನಗೆ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವೇನಮ್ಮ?"

"ಎಷ್ಟು ಸಲ ಹೇಳಿದೀನಿ ಅಪ್ಪ."

ಹೇಳಿದ್ದಳು. ಊಟಕ್ಕೆ ಬಡಿಸುವಾಗ ಹೇಳಿದ್ದಳು, ಮುರಿದ ಕೈಗೆ ಎಣ್ಣೆ ಹಚ್ಚುವಾಗ ಹೇಳಿದ್ದಳು. ಅವನು ಪ್ರತಿ ಸಲವೂ ನಕ್ಕು, ಕೀಲಿಗೊಂಚಲು ಎತ್ತಿಕೊಂಡು ಹೊರಟಿದ್ದ.

ಇನ್‌ಸ್ಪೆಕ್ಟರ್ ಕೊಲೆ ಯತ್ನದ ಕಲಮನ್ನು ಕೈಬಿಡುವಂತೆ ಟಿಪ್ಪಣಿ ಬರೆದರು. ಕುಡಿಯುವ ನೀರು ಕೆಡಿಸಿದ್ದು, ಅಜಾಗರೂಕತೆಯಿಂದ ಜೀವಕ್ಕೆ ಅಪಾಯ ತಂದದ್ದು ಉಳಿಯಿತು. ಉದ್ದೇಶ ಎಂಬ ಕಡೆ ದಫೇದಾರರು ತಮ್ಮ ಚೆಂದದ ಭಾಷೆಯನ್ನೆಲ್ಲ ಬದಿಗಿಟ್ಟು, "ತಂದೆ ಏಣಿ ಹತ್ತುವುದನ್ನು ನಿಲ್ಲಿಸಲು" ಎಂದಷ್ಟೇ ಬರೆದರು. ಆಪಾದಿತೆಗೆ ಏನಾದರೂ ಹೇಳುವುದಿದೆಯೇ, ಏನಾದರೂ ಕೇಳುವುದಿದೆಯೇ ಎಂದು ನಿಯಮದಂತೆ ಕೇಳಿದರು.

ಅವಳು ಜಾಮೀನಿನ ವಿಷಯ ಕೇಳಲಿಲ್ಲ, ವಕೀಲರ ವಿಷಯ ಕೇಳಲಿಲ್ಲ.

"ಟ್ಯಾಂಕು ತೊಳೀಬೇಕಲ್ಲ," ಎಂದಳು. "ಅದಕ್ಕೆ ಯಾರು ಹತ್ತುತ್ತಾರೆ?"

ಬೆಳಿಗ್ಗೆ ವಿಚಾರಣೆಗೂ ಮೊದಲು ಕಾರ್ಯದರ್ಶಿ ಫೋನ್ ಮಾಡಿ ಅದನ್ನೇ ಕೇಳಿದ್ದರು; ಆಗ ಮುದುಕ ದಫೇದಾರರ ಕೈಯಿಂದ ಫೋನು ಇಸಿದುಕೊಂಡು, "ನನ್ನನ್ನ ಬಿಟ್ಟ ತಕ್ಷಣ ನಾನೇ ಬಂದು ತೊಳೀತೀನಿ, ಬೇರೆಯವರು ಕೈ ಹಾಕೋದು ಬೇಡ," ಎಂದಿದ್ದ. ದಫೇದಾರರು ಈಗ ಅವನ ಕಡೆ ನೋಡಿದರು. ಮುದುಕ ನೆಲ ನೋಡುತ್ತಿದ್ದ.

ಆಮೇಲೆ ಅವನು ಜೇಬಿಗೆ ಕೈ ಹಾಕಿ, ಬಿಡುಗಡೆಯ ಕಾಗದದ ಜೊತೆ ಪೊಲೀಸರು ವಾಪಸು ಕೊಟ್ಟಿದ್ದ ತಾರಸಿಯ ಕೀಲಿ ತೆಗೆದು, ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟ.

"ಯಾರಾದ್ರೂ ಹತ್ತಲಿ," ಎಂದ. "ನಾನು ಹತ್ತಲ್ಲ. ಸಾಕಾ?"

ಅಷ್ಟು ಹೊತ್ತು ಒಂದು ಹನಿ ಕಣ್ಣೀರು ಹಾಕದೆ ನಿಂತಿದ್ದ ಮಗಳು ಆಗ ಅಳಲು ಶುರು ಮಾಡಿದಳು. ಈ ಒಂದು ಮಾತು ಕೇಳಲು ಅವಳು ಒಂದು ಮಗುವಿನ ಉಸಿರನ್ನೇ ಪಣಕ್ಕಿಟ್ಟಿದ್ದಳು, ತನಗೇ ಗೊತ್ತಿಲ್ಲದಂತೆ. ಇನ್‌ಸ್ಪೆಕ್ಟರ್ ಕೀಲಿಯನ್ನು ಡ್ರಾಯರಿಗೆ ಹಾಕಿ, ಬಂಧನದ ಸಮಯದ ಮುಂದೆ ಸಹಿ ಮಾಡಿದರು. ನ್ಯಾಯಾಲಯಕ್ಕೆ ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ಅಪ್ಪ ಮಗಳನ್ನು ಅಷ್ಟು ಹೊತ್ತು ಅದೇ ಬೆಂಚಿನ ಮೇಲೆ ಕೂರಲು ಬಿಟ್ಟರು.